ಗಾಡಿ ಬಾರದ ಬೀದಿಗೆ ಸಾಮಾನು ಬರೋದು ಹೇಗೆ? | ಶಿಮ್ಲಾ ಮಾಲ್ ರೋಡ್

[ದೃಶ್ಯ: ರಿಜ್ ಮೈದಾನ, ಹಿಂದೆ ಹಳದಿ ಬಣ್ಣದ ಕ್ರೈಸ್ಟ್ ಚರ್ಚ್]

ಎಲ್ಲರಿಗೂ ನಮಸ್ಕಾರ. ಶಿಮ್ಲಾದ ಒಂದು ತುಣುಕು ಹಾಕಿದಾಗ ವೀಕ್ಷಕರೊಬ್ಬರು ಕೇಳಿದ್ರು: "ಮಾಲ್ ರೋಡಿಗೆ ಗಾಡಿ ಬಿಡಲ್ಲ ಅಂತೀರಿ. ಹಾಗಾದ್ರೆ ಅಲ್ಲಿನ ಹೋಟೆಲಿಗೆ ಗ್ಯಾಸ್ ಸಿಲಿಂಡರ್ ಹೋಗೋದು ಹೇಗೆ?" ಈ ಪ್ರಶ್ನೆ ನನ್ನ ತಲೆಯಿಂದ ಇಳಿಯಲೇ ಇಲ್ಲ. ಇದರ ಬೆನ್ನು ಹತ್ತಿದ್ರೆ ಇಡೀ ಊರು ಹೇಗೆ ನಿಂತಿದೆ ಅನ್ನೋದೇ ಗೊತ್ತಾಗುತ್ತೆ.

ಊರಿನ ಪರಿಚಯ ಬೇಗ ಮುಗಿಸ್ತೀನಿ. ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರ. 1864ರಿಂದ ಬ್ರಿಟಿಷ್ ಸರ್ಕಾರದ ಬೇಸಿಗೆ ರಾಜಧಾನಿ. 1903ರಲ್ಲಿ ಕಾಲ್ಕಾದಿಂದ ಪುಟ್ಟ ರೈಲು ಬಂತು. 1971ರ ಜನವರಿ 25ರಂದು, ಹಿಮ ಬೀಳ್ತಿರುವಾಗಲೇ, ಇಂದಿರಾ ಗಾಂಧಿ ಇದೇ ರಿಜ್ ಮೇಲೆ, ಅಂದ್ರೆ ಬೆಟ್ಟದ ನೆತ್ತಿಯ ಈ ಮೈದಾನದಲ್ಲಿ, ಹಿಮಾಚಲವನ್ನು ಪೂರ್ಣ ರಾಜ್ಯ ಅಂತ ಘೋಷಿಸಿದ್ರು.

ಈಗ ಬೀದಿಗೆ ಬರೋಣ. ಗಾಡಿ ಯಾಕಿಲ್ಲ? ಹೊಗೆ ಬೇಡ, ಶಾಂತಿ ಬೇಕು ಅಂತ ಶುರುವಾದ ನಿಯಮ ಅಲ್ಲ ಇದು. ಬ್ರಿಟಿಷರ ಕಾಲದಲ್ಲಿ ಇಲ್ಲಿ ಕುದುರೆಗಾಡಿ ಹೊಡೆಸೋ ಹಕ್ಕು ಇದ್ದಿದ್ದು ಮೂವರಿಗೆ ಮಾತ್ರ: ವೈಸ್‌ರಾಯ್, ಸೇನೆಯ ಮಹಾದಂಡನಾಯಕ, ಪಂಜಾಬಿನ ಲೆಫ್ಟಿನೆಂಟ್ ಗವರ್ನರ್. ಉಳಿದವರು ನಡೀಬೇಕು, ಕುದುರೆ ಏರಬೇಕು, ಇಲ್ಲಾ ರಿಕ್ಷಾದಲ್ಲಿ ಕೂರಬೇಕು. ಆ ರಿಕ್ಷಾವನ್ನು ಎಳೆಯೋದು, ದಬ್ಬೋದು ನಾಲ್ಕು ಜನ. ಸಾಹೇಬರು ಸಂಜೆ ಅಡ್ಡಾಡೋ ಹೊತ್ತಲ್ಲಿ ಹೊರೆ ಹೊತ್ತ ಕೂಲಿಗಳು ಆ ಬೀದಿಗೆ ಕಾಲಿಡೋ ಹಾಗೇ ಇರಲಿಲ್ಲ. ಗಾಡಿ ಬರಬಾರದು ಅನ್ನೋದರಷ್ಟೇ, ದುಡಿಯೋ ಮೈ ಕಣ್ಣಿಗೆ ಬೀಳಬಾರದು ಅನ್ನೋದೂ ಅಲ್ಲಿ ಇತ್ತು. ಸ್ವಾತಂತ್ರ್ಯ ಬಂತು, ಆ ಕಟ್ಟುಪಾಡು ಹೋಯ್ತು, ಗಾಡಿ ನಿಷೇಧ ಮಾತ್ರ ಉಳೀತು. 2007ರಲ್ಲಿ ಪಾದಚಾರಿಗಳ ಸುರಕ್ಷತೆಗೆ ಅಂತ ರಾಜ್ಯ ಒಂದು ಕಾಯ್ದೆಯನ್ನೇ ಮಾಡ್ತು. ಆಂಬುಲೆನ್ಸ್, ಅಗ್ನಿಶಾಮಕದಂಥ ವಾಹನ, ಪರವಾನಗಿ ಇದ್ದವರ ಗಾಡಿ ಬಿಟ್ಟರೆ ಮಿಕ್ಕಿದ್ದಕ್ಕೆ ಪ್ರವೇಶ ಇಲ್ಲ.

[ದೃಶ್ಯ: ಬೆಟ್ಟದ ಅಡ್ಡಕೊಯ್ತದ ಚಿತ್ರ]

ಈ ಚಿತ್ರ ನೋಡಿ. ಶಿಮ್ಲಾ ಹರಡಿಕೊಂಡ ಊರಲ್ಲ, ಮೇಲಿಂದ ಕೆಳಕ್ಕೆ ಇಳಿದ ಊರು. ಹಳೇ ತೊಟ್ಟಿ ಮನೆ ನೆನಪಿಸಿಕೊಳ್ಳಿ. ಮಾಲ್ ರೋಡ್ ಅಂದ್ರೆ ನೆಂಟರನ್ನು ಕೂರಿಸೋ ಪಡಸಾಲೆ. ಅದರ ಕೆಳಗಿರೋ ಲೋವರ್ ಬಜಾರ್ ಅಡುಗೆಮನೆ: ಬೇಳೆ, ತರಕಾರಿ, ಪಾತ್ರೆ, ಊರವರ ದಿನನಿತ್ಯದ ವ್ಯಾಪಾರ ಎಲ್ಲಾ ಅಲ್ಲಿ. ಅದಕ್ಕೂ ಕೆಳಗಿನ ಕಾರ್ಟ್ ರೋಡ್ ಹಿತ್ತಲ ಬಾಗಿಲು. ಬಸ್ಸು, ಲಾರಿ, ಟೆಂಪೊ ನಿಲ್ಲೋದು ಅಲ್ಲಿ. ಅಲ್ಲಿಂದ ಮೇಲಕ್ಕೆ ಬರೀ ಮೆಟ್ಟಿಲು, ಏರು ಓಣಿ.

ಅಂದ್ರೆ ಸಾಮಾನು ಹೋಗೋದು ಮನುಷ್ಯರ ಬೆನ್ನ ಮೇಲೆ.

ಹೊರೆ ಹೊರುವವರಲ್ಲಿ ಕಾಶ್ಮೀರದಿಂದ ಬಂದವರು ಬಹಳ ಜನ, ಅಂಗಡಿಯವರು ಅವರನ್ನು "ಖಾನ್" ಅಂತ ಕರೀತಾರೆ. ನೇಪಾಳದವರೂ ಇದ್ದಾರೆ. ನಾನು ಮೆಟ್ಟಿಲ ಪಕ್ಕ ಸರಿದು ನಿಂತು ಒಬ್ಬರನ್ನು ನೋಡ್ತಿದ್ದೆ. ಬೆನ್ನ ಮೇಲೆ ಮೂರು ಸಿಲಿಂಡರ್. ಹಗ್ಗ ಸಿಲಿಂಡರ್‌ಗಳನ್ನು ಸುತ್ತಿ, ಎರಡೂ ಹೆಗಲ ಮೇಲಿಂದ ಮುಂದಕ್ಕೆ ಬಂದಿದೆ. ಅದರ ತುದಿ ಎದೆ ಹತ್ತಿರ ಮುಷ್ಟಿಯಲ್ಲಿ. ಸೊಂಟ ಬಗ್ಗಿಸಿ, ಕಣ್ಣು ಮುಂದಿನ ಮೆಟ್ಟಿಲಲ್ಲೇ ನೆಟ್ಟು, ಸಣ್ಣ ಸಣ್ಣ ಹೆಜ್ಜೆ. ಸುಸ್ತಾದಾಗ ಹೊರೆ ಇಳಿಸಲಿಲ್ಲ. ತಿರುವಿನಲ್ಲಿ ಮೋಟುಗೋಡೆಗೆ ಬೆನ್ನು ಕೊಟ್ಟು, ಭಾರವನ್ನು ಗೋಡೆಗೆ ಆನಿಸಿ ಉಸಿರು ಬಿಟ್ಟರು. ಇಳಿಸಿದ್ರೆ ಮತ್ತೆ ಎತ್ತೋದೇ ದೊಡ್ಡ ಕಷ್ಟ.

ಲೆಕ್ಕ ಹಾಕಿ. ಮನೆಬಳಕೆಯ ಒಂದು ಸಿಲಿಂಡರಿನಲ್ಲಿ ಗ್ಯಾಸೇ 14.2 ಕೆ.ಜಿ., ಕಬ್ಬಿಣ ಇನ್ನೊಂದು 15 ಕೆ.ಜಿ. ಆಸುಪಾಸು. ಮೂರು ಅಂದ್ರೆ ತೊಂಬತ್ತು ಕೆ.ಜಿ. ಹತ್ತಿರ. ಫ್ರಿಜ್ಜು, ಬೀರು, ಸಿಮೆಂಟ್ ಮೂಟೆ ಏರೋದೂ ಹೀಗೇ. ಗಾಡಿ ಇಲ್ಲದ ಬೀದಿ ಎಷ್ಟು ಚೆಂದ ಅಂತ ನಾವು ಹೊಗಳ್ತೀವಿ, ಚೆಂದವೇ ಇದೆ, ಬೆಂಗಳೂರಿನ ಫುಟ್‌ಪಾತಿನಲ್ಲಿ ಬೈಕಿಗೆ ಹೆದರಿ ನಡೆಯೋ ನಮಗೆ ಅದು ಸ್ವರ್ಗ. ಆದರೆ ಇಂಜಿನ್ನಿನ ಕೆಲಸ ಅಲ್ಲಿ ಮಾಯ ಆಗಿಲ್ಲ, ಯಾರದ್ದೋ ಮಂಡಿಗೆ ಬಿದ್ದಿದೆ. ಕಾರ್ಟ್ ರೋಡಿನಿಂದ ಮಾಲ್ ರೋಡಿಗೆ ಜನ ಹತ್ತೋಕೆ ಲಿಫ್ಟ್ ಕಟ್ಟಿದ ಊರು ಸಾಮಾನಿಗೂ ಒಂದು ದಾರಿ ಮಾಡಬೇಕು, ಹೊರುವವರ ದುಡಿಮೆಗೆ ಪೆಟ್ಟಾಗದ ಹಾಗೆ. ಇದು ನನ್ನ ಖಚಿತ ಅಭಿಪ್ರಾಯ.

[ದೃಶ್ಯ: ರಿಜ್ ಮೇಲೆ ಮಕ್ಕಳು, ಕುದುರೆ ಸವಾರಿ]

ಸಾಮಾನು ಬಂತು. ನೀರು? ಇವರೆಲ್ಲ ಓಡಾಡ್ತಿರೋ ರಿಜ್ ಮೈದಾನದ ಕೆಳಗಡೆನೇ ನೀರಿನ ಟ್ಯಾಂಕ್ ಇದೆ! 1880ರ ದಶಕದ್ದು, ಸುಣ್ಣದ ಗಾರೆಯಲ್ಲಿ ಕಟ್ಟಿದ್ದು, ಸುಮಾರು ಹತ್ತು ಲಕ್ಷ ಗ್ಯಾಲನ್, ಅಂದ್ರೆ 45 ಲಕ್ಷ ಲೀಟರ್ ಹಿಡಿಯುತ್ತೆ. ಊರು ಶಿಖರದ ಮೇಲೆ, ನೀರು ಕಣಿವೆಯಲ್ಲಿ. ಗುಮ್ಮಾದಂಥ ಕಡೆಯಿಂದ ಪಂಪ್ ಮಾಡಿ ಏರಿಸಬೇಕು. 2018ರ ಮೇ ತಿಂಗಳಲ್ಲಿ ನೀರು ಕೈಕೊಟ್ಟು, ಪ್ರವಾಸಿಗರೇ ಸದ್ಯಕ್ಕೆ ಬರಬೇಡಿ ಅಂತ ಊರವರು ಮೊರೆಯಿಟ್ಟಿದ್ದು ನೆನಪಿರಬಹುದು. ಹಾಗಾಗಿ ಹೋಟೆಲ್ ರೂಮಲ್ಲಿ ನಲ್ಲಿ ತಿರುಗಿಸುವಾಗ ಕೈ ಸ್ವಲ್ಪ ಬಿಗಿ ಇರಲಿ.

ಸಮಯ ಓಡ್ತಾ ಇದೆ, ಉಳಿದಿದ್ದು ಒಟ್ಟಿಗೆ ಹೇಳ್ತೀನಿ.

ರಿಜ್ಜೂ ಮಾಲೂ ಸೇರೋ ಜಾಗ ಸ್ಕ್ಯಾಂಡಲ್ ಪಾಯಿಂಟ್, ಅಲ್ಲಿ ಲಾಲಾ ಲಜಪತ್ ರಾಯ್ ಪ್ರತಿಮೆ ಇದೆ. ಆ ಹೆಸರು ಯಾಕೆ ಬಂತು ಅಂದ್ರೆ, ಪಟಿಯಾಲಾ ಮಹಾರಾಜ ಬ್ರಿಟಿಷ್ ಹುಡುಗಿಯನ್ನು ಹಾರಿಸಿಕೊಂಡು ಹೋದ ಕಥೆ ಗೈಡ್‌ಗಳು ಹೇಳೇ ಹೇಳ್ತಾರೆ. ಆಕೆ ಸೇನಾಪತಿ ಕಿಚನರ್ ಮಗಳು ಅಂತ ಯಾರಾದ್ರೂ ಅಂದ್ರೆ ನಂಬಬೇಡಿ, ಕಿಚನರ್ ಮದುವೆಯೇ ಆಗಲಿಲ್ಲ.

ಮಾಲ್ ಮೇಲಿನ ಗೇಯ್ಟಿ ಥಿಯೇಟರ್ ತಪ್ಪಿಸಬೇಡಿ. 1887ರಲ್ಲಿ ತೆರೆದಿದ್ದು, ವಾಸ್ತುಶಿಲ್ಪಿ ಹೆನ್ರಿ ಇರ್ವಿನ್. ಹೆಸರು ಎಲ್ಲೋ ಕೇಳಿದ ಹಾಗಿದೆಯಾ? 1897ರಲ್ಲಿ ಮೈಸೂರಿನ ಮರದ ಅರಮನೆ ಸುಟ್ಟುಹೋದ ಮೇಲೆ, ಇವತ್ತಿನ ಅಂಬಾವಿಲಾಸ ಅರಮನೆಯ ವಿನ್ಯಾಸ ಮಾಡಿದ್ದು ಇದೇ ಇರ್ವಿನ್! ದಸರಾ ದೀಪ ನೋಡಿ ಬೆಳೆದ ನನಗೆ ಆ ಕಟ್ಟಡದ ಮುಂದೆ ನಿಂತಾಗ ನಿಜಕ್ಕೂ ಮೈ ಜುಮ್ಮೆಂತು.

ಕಾಲು ಸೋತ್ರೆ ಅದೇ ಬೀದಿಯ ಇಂಡಿಯನ್ ಕಾಫಿ ಹೌಸಿಗೆ ಹೋಗಿ. ಅಲ್ಲೂ ನಮ್ಮೂರಿನ ನಂಟಿದೆ: ಕೆಲಸ ಕಳಕೊಂಡ ಕಾಫಿ ಹೌಸ್ ನೌಕರರು ತಾವೇ ಸೇರಿ ಕಟ್ಟಿದ ಮೊದಲ ಸಹಕಾರ ಸಂಘ 1957ರಲ್ಲಿ ಹುಟ್ಟಿದ್ದು ಬೆಂಗಳೂರಲ್ಲಿ.

ಹೋಗೋರಿಗೆ ಎರಡು ಮಾತು. ವಯಸ್ಸಾದವರಿದ್ರೆ ಕಾರ್ಟ್ ರೋಡಿನಿಂದ ಪ್ರವಾಸೋದ್ಯಮ ನಿಗಮದ ಲಿಫ್ಟ್ ಹತ್ತಿಸಿ. ಅದು ಎರಡು ಹಂತದ್ದು, ಮಧ್ಯೆ ಸ್ವಲ್ಪ ನಡೆದು ಎರಡನೇ ಲಿಫ್ಟ್ ಹಿಡೀಬೇಕು. ನೀವು ಮಾತ್ರ ಒಮ್ಮೆಯಾದ್ರೂ ಲೋವರ್ ಬಜಾರಿನ ಮೆಟ್ಟಿಲಲ್ಲಿ ಇಳೀರಿ. ಹೊರೆ ಹೊತ್ತವರು ಎದುರು ಬಂದ್ರೆ ಗೋಡೆ ಕಡೆಯ ಜಾಗ ಅವರಿಗೆ ಬಿಡಿ, ಅವರು ಭಾರ ಆನಿಸೋದು ಆ ಗೋಡೆಗೇ.