ಚಿತ್ರಸಂತೆಯಲ್ಲಿ ಕೊಂಡ ಜಿಂಕೆ

ಬೆಂಗಳೂರಿನ ಚಿತ್ರಸಂತೆಗೆ ಹೋಗಿದ್ದೀರಾ? ವರ್ಷಕ್ಕೊಂದು ಸಲ ಕುಮಾರಕೃಪಾ ರಸ್ತೆ ಪೂರ್ತಿ ಚಿತ್ರಗಳದ್ದೇ ಕಾರುಬಾರು. ಕಾಲಿಡಲು ಜಾಗ ಇರುವುದಿಲ್ಲ. ಹೀಗೇ ಒಂದು ಸಲ ನೂಕುನುಗ್ಗಲಲ್ಲಿ ಹೋಗುತ್ತಾ ಒಂದು ಗೊಂಡ್ ಚಿತ್ರದ ಮುಂದೆ ನಿಂತುಬಿಟ್ಟೆ. ಗೊಂಡ್ ಅಂದರೆ ಮಧ್ಯಪ್ರದೇಶದ ಕಡೆಯ ಒಂದು ಆದಿವಾಸಿ ಸಮುದಾಯ. ಒಂದು ಜಿಂಕೆ. ಅದರ ಕೊಂಬು ಬೆಳೆದು ಬೆಳೆದು ಮರದ ಕೊಂಬೆಯಾಗಿದೆ. ಕೊಂಬೆಯ ಮೇಲೆ ಹಕ್ಕಿ ಕೂತಿದೆ. ಜಿಂಕೆಯ ಮೈತುಂಬಾ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿಗಳು.

"ತಗೊಳ್ಳಿ ಸಾರ್, ಐದು ಸಾವಿರ ವರ್ಷದ ಹಳೇ ಕಲೆ" ಅಂದರು ಮಾರುವವರು. ನಾನೂ ತಲೆಯಾಡಿಸಿ ದುಡ್ಡು ಕೊಟ್ಟೆ. ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ಕಾಗದದ ಮೇಲೆ ಹೀಗೆ ಚುಕ್ಕಿ ಹೊದ್ದು ನಿಲ್ಲುವ ಜಿಂಕೆ ನನಗಿಂತ ಚಿಕ್ಕದು. ಅದು ಹುಟ್ಟಿದ್ದು 1980ರ ದಶಕದಲ್ಲಿ. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಆದಿವಾಸಿ ಕಲೆ, ಆಧುನಿಕ ಕಲಾವಿದ ಅಂದ ಕೂಡಲೇ ಎಲ್ಲರೂ ಪಿಕಾಸೊ ಕಥೆ ಶುರು ಮಾಡುತ್ತಾರೆ. 1907ರಲ್ಲಿ ಪ್ಯಾರಿಸ್ಸಿನ ಟ್ರೊಕಾಡೆರೊ ಮ್ಯೂಸಿಯಂನಲ್ಲಿ ಆಫ್ರಿಕಾದ ಮುಖವಾಡಗಳನ್ನು ನೋಡಿದರು, ಅದೇ ವರ್ಷ ಐದು ಹೆಂಗಸರ ಆ ದೊಡ್ಡ ಚಿತ್ರದಲ್ಲಿ ಮುಖವಾಡದಂಥ ಮುಖಗಳನ್ನು ಬರೆದರು. ಕೇಳಿ ಕೇಳಿ ಸಾಕಾಗಿದೆ, ಬಿಡಿ. ನನ್ನ ತಕರಾರು ಒಂದೇ. ಪಿಕಾಸೊ ಹೆಸರು ಗೊತ್ತು, ಮ್ಯೂಸಿಯಂ ಹೆಸರೂ ಗೊತ್ತು. ಆ ಮುಖವಾಡ ಕೆತ್ತಿದವನು ಯಾರು? ಯಾರೂ ಕೇಳಿ ಬರೆದಿಟ್ಟುಕೊಳ್ಳಲಿಲ್ಲ. 'ಪ್ರಭಾವ' ಅನ್ನುವ ಪದ ಬಂದಾಗಲೆಲ್ಲ ಹೀಗೇ ಆಗುತ್ತದೆ. ತೆಗೆದುಕೊಂಡವನಿಗೆ ಹೆಸರಿರುತ್ತದೆ. ಕೊಟ್ಟವನಿಗೆ ಜಾತಿ, ಬುಡಕಟ್ಟು ಅಷ್ಟೇ.

ಭೋಪಾಲದಲ್ಲಿ ಇದನ್ನು ಬೇರೆ ಥರ ಮಾಡಿ ನೋಡಿದವರು ಒಬ್ಬರಿದ್ದರು. ಜೆ. ಸ್ವಾಮಿನಾಥನ್. ಹುಟ್ಟಿದ್ದು 1928ರಲ್ಲಿ ಶಿಮ್ಲಾದಲ್ಲಿ, ತಮಿಳು ಮನೆತನ. ಕಮ್ಯುನಿಸ್ಟ್ ಪಕ್ಷ, ಪತ್ರಿಕೆ ಕೆಲಸ ಎಲ್ಲ ಮುಗಿಸಿ ಚಿತ್ರಕಲೆಗೆ ಬಂದವರು. 60ರ ದಶಕದಲ್ಲಿ ಗೆಳೆಯರ ಜೊತೆ ಒಂದು ಗುಂಪು ಕಟ್ಟಿದರು. ಅದಕ್ಕೆ 'ಗ್ರೂಪ್ 1890' ಅಂತ ಹೆಸರು. ಏನೋ ಇತಿಹಾಸದ ದೊಡ್ಡ ವರ್ಷ ಅಂದುಕೊಳ್ಳಬೇಡಿ, ಅದು ಅವರು ಸೇರಿದ್ದ ಮನೆಯ ನಂಬರ್! ಸ್ವಾಮಿನಾಥನ್ ಅಂದರೆ ಜನಕ್ಕೆ ನೆನಪಾಗುವುದು ಬೆಟ್ಟ, ಮರ, ಗಾಳಿಯಲ್ಲಿ ನಿಂತ ಒಂದು ಪುಟ್ಟ ಹಕ್ಕಿ.

1982ರಲ್ಲಿ ಭೋಪಾಲದ ಕೆರೆ ದಂಡೆಯಲ್ಲಿ ಭಾರತ ಭವನ ಅನ್ನುವ ಕಲಾಕೇಂದ್ರ ಶುರುವಾಯಿತು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ ಕಟ್ಟಡ. ಅಲ್ಲಿನ 'ರೂಪಂಕರ್' ಮ್ಯೂಸಿಯಂ ಸ್ವಾಮಿನಾಥನ್ ಕೈಗೆ ಬಂತು. ಅವರು ಮಾಡಿದ್ದೇನು ಅಂದರೆ, ಕಲಾ ವಿದ್ಯಾರ್ಥಿಗಳ ತಂಡಗಳನ್ನು ಮಧ್ಯಪ್ರದೇಶದ ಹಳ್ಳಿಗಳಿಗೆ ಅಟ್ಟಿದರು. ತಂದಿದ್ದನ್ನು ನಗರದ ಕಲಾವಿದರ ಕೆಲಸದ ಜೊತೆಗೇ, ಒಂದೇ ಸೂರಿನಡಿ ಇಟ್ಟರು. ಆದಿವಾಸಿ ನಮ್ಮ ಅಜ್ಜನ ಕಾಲದವನಲ್ಲ, ನಮ್ಮ ಜೊತೆಗೇ ಇವತ್ತು ಬದುಕುತ್ತಿರುವವನು, ಹಾಗಾಗಿ ಅವನ ಕಲೆಯೂ ಇವತ್ತಿನದೇ. ಇದು ಅವರ ವಾದ. ಕೇಳಿದರೆ ಎಷ್ಟು ಸರಳ, ಅಲ್ವಾ? ಆದರೆ ಆಗ ಆದಿವಾಸಿಗಳ ವಸ್ತುಗಳಿಗೆ ಜಾಗ ಇದ್ದದ್ದು ಮಾನವಶಾಸ್ತ್ರದ ಗಾಜಿನ ಪೆಟ್ಟಿಗೆಯಲ್ಲಿ. ಬುಟ್ಟಿ, ಬಾಣ, ಮಡಕೆ, ಅದರ ಪಕ್ಕ ಒಂದು ಮುಖವಾಡ.

ಹಾಗೆ ಹೋದ ಒಂದು ತಂಡ ಪಾಟನ್‌ಗಢ ಅನ್ನುವ ಹಳ್ಳಿ ತಲುಪಿತು. ಒಂದು ಮನೆಯ ಗೋಡೆ ಮೇಲೆ ಹನುಮಂತನ ಚಿತ್ರ ಇತ್ತಂತೆ. ಬರೆದವನು ಇಪ್ಪತ್ತರ ಆಸುಪಾಸಿನ ಹುಡುಗ, ಜನಗಢ ಸಿಂಗ್ ಶ್ಯಾಮ್. ಪರಧಾನ್ ಸಮುದಾಯದವನು. ಪರಧಾನರ ಕಸುಬು ಚಿತ್ರ ಬರೆಯುವುದಲ್ಲ, ಹಾಡುವುದು. ಬಾನಾ ಅನ್ನುವ ತಂತಿವಾದ್ಯ ನುಡಿಸುತ್ತಾ ಗೊಂಡರ ಮನೆಗಳಲ್ಲಿ ದೇವರ, ರಾಜರ ಕಥೆ ಹೇಳುವವರು. ದೊಡ್ಡ ದೇವರು ಬಡಾದೇವ್ ಇರುವುದು ಸಾಜಾ ಮರದಲ್ಲಿ. ಸಾಜಾ ಅಂದರೆ ಬೇರೆ ಏನಲ್ಲ, ನಮ್ಮ ಮತ್ತಿ ಮರ. ಗೋಡೆಗೆ, ನೆಲಕ್ಕೆ ಬಣ್ಣದ ಮಣ್ಣಿನಲ್ಲಿ ಡಿಗ್ನಾ ಅಂತ ರಂಗೋಲಿಯಂಥ ವಿನ್ಯಾಸ ಬರೆಯುತ್ತಿದ್ದರು. ಆದರೆ ಹಾಡಿನಲ್ಲಿದ್ದ ಎಷ್ಟೋ ದೇವರಿಗೆ ಮುಖವೇ ಇರಲಿಲ್ಲ.

ಸ್ವಾಮಿನಾಥನ್ ಅವನನ್ನು ಭೋಪಾಲಕ್ಕೆ ಕರೆಸಿದರು. ಕಾಗದ ಬಂತು. ಕುಂಚ ಬಂತು. ಪೋಸ್ಟರ್ ಬಣ್ಣ ಬಂತು. ಮಣ್ಣಿನ ಬಣ್ಣ ನೋಡಿದ ಕಣ್ಣಿಗೆ ಆ ಕಡು ಹಳದಿ, ಹಸಿರು ಕಂಡಾಗ ಮೈ ನಡುಗಿತ್ತು ಅಂತ ಜನಗಢ ಆಮೇಲೆ ಹೇಳಿಕೊಂಡಿದ್ದಾರೆ. ಈಗ ಯೋಚನೆ ಮಾಡಿ. ಬಡಾದೇವ್ ಹೇಗೆ ಕಾಣುತ್ತಾನೆ? ನೋಡಿ ಬರೆಯೋಣ ಅಂದರೆ ಹಿಂದಿನವರ ಚಿತ್ರ ಯಾವುದೂ ಇಲ್ಲ. ಕಿವಿಯಲ್ಲಿದ್ದ ಹಾಡನ್ನು ಕಣ್ಣಿಗೆ ತರಬೇಕು. ಅದನ್ನು ಅವರು ಒಬ್ಬರೇ ಕೂತು ಮಾಡಿದರು. ಇದು ಆಧುನಿಕ ಕಲಾವಿದನ ಕೆಲಸ ಅಲ್ಲದಿದ್ದರೆ ಇನ್ನೇನು?

ಭಾರತ ಭವನ ಕಟ್ಟುವಾಗ ಅಲ್ಲಿ ಕಲ್ಲು, ಮಣ್ಣು ಹೊರುತ್ತಿದ್ದ ಭೀಲ್ ಬುಡಕಟ್ಟಿನ ಒಬ್ಬಳು ಹುಡುಗಿಯೂ ಇದ್ದಳು. ಝಾಬುವಾ ಕಡೆಯವಳು. ದಿನಕ್ಕೆ 6 ರೂಪಾಯಿ ಕೂಲಿ. ಸ್ವಾಮಿನಾಥನ್ ಹೋಗಿ ಚಿತ್ರ ಬರೆದುಕೊಡಿ ಅಂದರೆ ಅವಳಿಗೆ ಬಂದ ಮೊದಲ ಯೋಚನೆ, ಹಾಗಾದರೆ ನನ್ನ ಕೂಲಿ ಕೆಲಸ ಯಾರು ಮಾಡುತ್ತಾರೆ? ನ್ಯಾಯವಾದ ಪ್ರಶ್ನೆ! ಅವರೇ ಭೂರಿ ಬಾಯಿ. 2021ರಲ್ಲಿ ಪದ್ಮಶ್ರೀ ಬಂತು.

ಇನ್ನು ಸ್ವಾಮಿನಾಥನ್ ಕ್ಯಾನ್ವಾಸಿಗೆ ಬರೋಣ. 80ರ ದಶಕ ಮುಗಿಯುವ ಹೊತ್ತಿಗೆ ಹಕ್ಕಿ ಹಾರಿಹೋಗಿದೆ. ಬೆಟ್ಟವೂ ಇಲ್ಲ. ಮಣ್ಣಿನ ಕೆಂಪು, ಕಂದು, ಹಳದಿ. ಒರಟು ತ್ರಿಕೋನಗಳು, ಹಾವಿನಂಥ ಗೆರೆ, ಗೋಡೆಗೆ ಬೆರಳಿನಲ್ಲಿ ಬಣ್ಣ ಸವರಿದ ಹಾಗೆ ಗುರುತುಗಳು. ಆ ಹಳ್ಳಿಗಳ ಗೋಡೆಗಳೇ ಕ್ಯಾನ್ವಾಸಿಗೆ ಬಂದ ಹಾಗಿದೆ. ನನಗೆ ಈ ಚಿತ್ರಗಳು ಹಕ್ಕಿ ಚಿತ್ರಗಳಿಗಿಂತ ಜಾಸ್ತಿ ಇಷ್ಟ. ಆದರೆ ಒಂದು ವಿಷಯ ಚುಚ್ಚುತ್ತದೆ. ಜನಗಢ ನಗರದಿಂದ ಕಾಗದ, ಬಣ್ಣ ತೆಗೆದುಕೊಂಡರು. ಸ್ವಾಮಿನಾಥನ್ ಹಳ್ಳಿಯಿಂದ ಗುರುತು, ಮಣ್ಣು ತೆಗೆದುಕೊಂಡರು. ಇಬ್ಬರೂ ಒಂದೇ ಊರಲ್ಲಿ, ಒಂದೇ ಕಾಲದಲ್ಲಿ. ಆದರೂ ಒಬ್ಬರದು 'ಆಧುನಿಕ', ಇನ್ನೊಬ್ಬರದು 'ಪರಂಪರೆ'. ಹರಾಜಿನಲ್ಲಿ ಸ್ವಾಮಿನಾಥನ್ ಚಿತ್ರ ಕೋಟಿಗಳಲ್ಲಿ ಹೋಗುತ್ತದೆ. ಜನಗಢ ಶೈಲಿಯ ಜಿಂಕೆಯನ್ನು ನಾನು ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ತಂದೆ.

ಸ್ವಾಮಿನಾಥನ್ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೆಸರು ಹಿಡಿದು ಕರೆದರು, ಪಕ್ಕದಲ್ಲೇ ಕೂರಿಸಿದರು. ಪ್ಯಾರಿಸ್ಸಿನಲ್ಲಿ ಯಾರೂ ಮಾಡದ್ದು ಅದು. ಸಿಟ್ಟು ಇರುವುದು ನಮ್ಮ ಮೇಲೆ. ಆದಿವಾಸಿ ಹೊಸದೇನಾದರೂ ಮಾಡಿದರೆ ನಮಗೆ ಇರಿಸುಮುರಿಸು. ಹಳೇದೇ ಬೇಕು, ಐದು ಸಾವಿರ ವರ್ಷದ್ದೇ ಬೇಕು. ಜನಗಢರ ಸಂಬಂಧಿ ಭಜ್ಜು ಶ್ಯಾಮ್ ಲಂಡನ್ನಿಗೆ ಹೋಗಿ ಬಂದು ಬಿಗ್ ಬೆನ್ ಗಡಿಯಾರವನ್ನು ಹುಂಜ ಮಾಡಿದರು, ಇಬ್ಬರೂ ಹೊತ್ತು ಹೇಳುವವರೇ ಅಂತ. ನೆಲದಡಿಯ ರೈಲನ್ನು ಎರೆಹುಳು ಮಾಡಿದರು. ಇದರಲ್ಲಿ ಪುರಾತನ ಏನಿದೆ ಹೇಳಿ? ಶುದ್ಧ ತರಲೆ, ಶುದ್ಧ ಕಲೆ.

ಜನಗಢ 1989ರಲ್ಲಿ ಪ್ಯಾರಿಸ್ಸಿನ ಪಾಂಪಿದು ಸೆಂಟರಿನ ದೊಡ್ಡ ಪ್ರದರ್ಶನದಲ್ಲಿದ್ದರು, ಜಗತ್ತಿನ ದೊಡ್ಡ ದೊಡ್ಡವರ ಸಾಲಿನಲ್ಲಿ. ಭೋಪಾಲದ ವಿಧಾನ ಭವನದಲ್ಲೂ ಅವರ ಚಿತ್ರಗಳಿವೆ. 1994ರಲ್ಲಿ ಸ್ವಾಮಿನಾಥನ್ ತೀರಿಕೊಂಡರು. 2001ರಲ್ಲಿ ಜಪಾನಿನ ಒಂದು ಮ್ಯೂಸಿಯಂನಲ್ಲಿ ಚಿತ್ರ ಬರೆಯಲು ಹೋಗಿದ್ದ ಜನಗಢ ಅಲ್ಲೇ ಜೀವ ಕಳೆದುಕೊಂಡರು. ನಲವತ್ತರ ಹತ್ತಿರದ ವಯಸ್ಸು. ಅವರ ಶೈಲಿಗೆ ಈಗ 'ಜನಗಢ ಕಲಂ' ಅಂತಲೇ ಹೆಸರಿದೆ. ಬಳಗದವರು ಹತ್ತಾರು ಜನ ಬರೆಯುತ್ತಾರೆ, ಮೈ ತುಂಬಿಸುವ ಗುರುತು ಮಾತ್ರ ಒಬ್ಬೊಬ್ಬರದು ಒಂದೊಂದು. ಒಬ್ಬರದು ಸರಪಳಿ, ಒಬ್ಬರದು ಬೀಜ, ಒಬ್ಬರದು ಮೀನಿನ ಹುರುಪೆ. ಗೊತ್ತಿದ್ದವರು ಅದನ್ನು ನೋಡಿಯೇ ಯಾರ ಕೈ ಅಂತ ಹೇಳಿಬಿಡುತ್ತಾರೆ.

ಈ ಎಪಿಸೋಡ್ ಬರೆಯುವಾಗ ನನ್ನ ಜಿಂಕೆಯನ್ನು ಗೋಡೆಯಿಂದ ಇಳಿಸಿದೆ. ಹಿಂದೆ ತಿರುಗಿಸಿದರೆ ಬೆಲೆ ಮಾತ್ರ ಇತ್ತು. ಮುಂದೆ ತಿರುಗಿಸಿ ಕನ್ನಡಕ ಹಾಕಿಕೊಂಡು ಹುಡುಕಿದೆ. ಜಿಂಕೆಯ ಹಿಂಗಾಲಿನ ಹತ್ತಿರ, ಹುಲ್ಲಿನ ಗೆರೆಗಳ ನಡುವೆ, ಹಿಂದಿಯಲ್ಲಿ ಸಣ್ಣದಾಗಿ ಒಂದು ಸಹಿ ಇದೆ. ಇಷ್ಟು ವರ್ಷ ಅದನ್ನೂ ಹುಲ್ಲು ಅಂತಲೇ ಅಂದುಕೊಂಡಿದ್ದೆ.