ಎಲ್‌ಇಡಿ ಹತ್ತಿದ ಮಾತ್ರಕ್ಕೆ ಹೃದಯ ಬಡಿಯಲ್ಲ

ಮೇಜಿನ ಮೇಲೆ ಒಂದು ಗಾಜಿನ ಬಟ್ಟಲಿದೆ, ನೋಡಿ. ರಾತ್ರಿ ಚೈನಾ ಗ್ರಾಸ್ ಕುದಿಸಿ ಇಟ್ಟಿದ್ದೆ, ಈಗ ಗಟ್ಟಿಯಾಗಿದೆ. ಸಕ್ಕರೆ ಬದಲು ಎರಡು ಚಮಚ ಉಪ್ಪು ಹಾಕಿದ್ದೇನೆ. 9 ವೋಲ್ಟ್ ಬ್ಯಾಟರಿಯ ಒಂದು ತಂತಿ ಈ ಕಡೆ ಚುಚ್ಚಿದೆ, ಎಲ್‌ಇಡಿಯ ತಂತಿ ಆ ಕಡೆ. ಹತ್ತಿತಾ? ಹತ್ತಿತು. (ಸ್ಟೀಲ್ ಬಟ್ಟಲಲ್ಲಿ ಮಾಡಬೇಡಿ, ಕರೆಂಟ್ ಬಟ್ಟಲಲ್ಲೇ ಓಡಿಬಿಡುತ್ತದೆ.)

ಕರೆಂಟ್ ಹರಿಯುವ ಹೈಡ್ರೋಜೆಲ್ (ನೀರು ತುಂಬಿದ ಮೆತ್ತನೆ ಜೆಲ್) ಬಗ್ಗೆ ಬರುವ ಸಂಶೋಧನೆಗಳಲ್ಲಿ ಈ ಎಲ್‌ಇಡಿ ಫೋಟೋ ಮತ್ತೆ ಮತ್ತೆ ಸಿಗುತ್ತದೆ. ಅದನ್ನು ಕಂಡರೆ ನನಗೆ ಈಗೀಗ ಸಿಟ್ಟೇ ಬರುತ್ತದೆ. ನಮ್ಮ ಅಡುಗೆಮನೆ ಜೆಲ್ಲಿಯೂ ಅದನ್ನೇ ಮಾಡುತ್ತದಲ್ಲ!

ವಿಷಯ ಇಷ್ಟು. ಹಾರ್ಟ್ ಅಟ್ಯಾಕ್ ಆದಾಗ ಹೃದಯದ ಸುಮಾರು 100 ಕೋಟಿ ಸ್ನಾಯುಕೋಶಗಳು ಸಾಯಬಹುದು. ಆ ಜಾಗದಲ್ಲಿ ಗಾಯ ಮಾಯ್ದ ಕಲೆ ಉಳಿಯುತ್ತದೆ. ಕಲೆ ಬಡಿಯುವುದಿಲ್ಲ, ಬಡಿತದ ಸಂಕೇತವನ್ನು ಸರಿಯಾಗಿ ದಾಟಿಸುವುದೂ ಇಲ್ಲ. ಅಲ್ಲಿಗೆ ಜೀವಕೋಶ ತುಂಬಿದ ಮೆತ್ತನೆ ತೇಪೆ ಹಾಕೋಣ, ಅದನ್ನು 3ಡಿ ಪ್ರಿಂಟರ್‌ನಲ್ಲಿ ಪ್ರಿಂಟ್ ಮಾಡೋಣ ಅನ್ನುವುದು ಕನಸು. ತೊಡಕೇನೆಂದರೆ, ಜೆಲ್‌ನ ಗೋಡೆಗಳು ಕೋಶಗಳನ್ನು ಒಂದಕ್ಕೊಂದು ದೂರ ಮಾಡುತ್ತವೆ, ಬಡಿತದ ಸಂಕೇತ ದಾಟುವುದು ಕಷ್ಟ. 2011ರಲ್ಲಿ ಸಂಶೋಧಕ ಟಾಲ್ ಡ್ವಿರ್ ಮತ್ತು ಸಂಗಡಿಗರು ಆಲ್ಜಿನೇಟ್ (ಕಡಲಪಾಚಿಯಿಂದ ಬರುವ ವಸ್ತು) ಜೆಲ್ ಒಳಗೆ ಚಿನ್ನದ ನ್ಯಾನೋ ತಂತಿ ಸೇರಿಸಿದರು. ಒಂದು ಕಡೆ ಪ್ರಚೋದಿಸಿದರೆ ತೇಪೆಯ ಕೋಶಗಳೆಲ್ಲ ಒಟ್ಟಿಗೆ ಸಂಕುಚಿಸಿದವು. 2019ರಲ್ಲಿ ಅದೇ ಡ್ವಿರ್ ಅವರ ಟೆಲ್ ಅವೀವ್ ತಂಡ ಮನುಷ್ಯರ ಕೋಶಗಳಿಂದಲೇ ಮೊಲದ ಹೃದಯದಷ್ಟು ಪುಟ್ಟ ಹೃದಯ ಪ್ರಿಂಟ್ ಮಾಡಿತು. ಸುದ್ದಿ ಜಗತ್ತೆಲ್ಲ ಹಬ್ಬಿತು. ಅದರ ಕೋಶಗಳು ಸಂಕುಚಿಸುತ್ತಿದ್ದವು, ನಿಜ. ಆದರೆ ಒಟ್ಟಾಗಿ ರಕ್ತ ಪಂಪ್ ಮಾಡುತ್ತಿರಲಿಲ್ಲ.

ಅಂದರೆ ಕರೆಂಟ್ ಜಾಸ್ತಿ ಹರಿಸಿದರೆ ಆಯ್ತು ಅಲ್ವಾ? ಇಲ್ಲೇ ನನ್ನ ತಕರಾರು.

2020ರಲ್ಲಿ ಎಂಐಟಿ ತಂಡ ಪೆಡಾಟ್-ಪಿಎಸ್‌ಎಸ್ ಅನ್ನುವ, ಕರೆಂಟ್ ಹರಿಸುವ ಪಾಲಿಮರ್‌ನಿಂದ ಪ್ರಿಂಟ್ ಆಗುವ ಶಾಯಿ ಮಾಡಿತು. ಒದ್ದೆ ಜೆಲ್ ಆಗಿದ್ದಾಗಲೂ ಸೆಂಟಿಮೀಟರಿಗೆ 28 ಸೀಮೆನ್ಸ್ ವಾಹಕತೆ (ಕರೆಂಟ್ ಎಷ್ಟು ಸುಲಭವಾಗಿ ಹರಿಯುತ್ತದೆ ಅನ್ನುವ ಅಳತೆ). ಭರ್ಜರಿ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಹೃದಯದ ಸ್ನಾಯುವಿನ ವಾಹಕತೆ ಅದಕ್ಕಿಂತ ಸಾವಿರಾರು ಪಟ್ಟು ಕಡಿಮೆ! ಅಷ್ಟರಲ್ಲೇ ಅದು ಹುಟ್ಟಿದಂದಿನಿಂದ ಬಡಿಯುತ್ತಿದೆ. ಜೊತೆಗೆ ಆ ಶಾಯಿಯನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಒಣಗಿಸಿ, ಮತ್ತೆ ಕಲಸಿ, ಪ್ರಿಂಟ್ ಆದಮೇಲೆ ಬಿಸಿ ಮಾಡಬೇಕು. ಅದರೊಳಗೆ ಯಾವ ಜೀವಕೋಶ ಉಳಿದೀತು? ಅವರು ಅದರಿಂದ ಇಲಿಯ ಮೆದುಳಿಗೆ ಮೆತ್ತನೆ ಎಲೆಕ್ಟ್ರೋಡ್ ಮಾಡಿದರು. ಅದಕ್ಕೆ ಆ ವಾಹಕತೆ ಬೇಕೇ ಬೇಕು, ಕೂದಲೆಳೆಯಂಥ ಗೆರೆಯಲ್ಲಿ ಸಂಕೇತ ಹೊರಗೆ ಬರಬೇಕಲ್ಲ. ಎಲೆಕ್ಟ್ರೋಡ್‌ನ ಲೆಕ್ಕವನ್ನು ಹೃದಯದ ತೇಪೆಗೆ ತಂದು ಹಾಕುವುದು ಬೇರೆಯವರ ತಪ್ಪು.

ಬಟ್ಟಲನ್ನು ಕ್ಯಾಮೆರಾ ಹತ್ತಿರ ತರುತ್ತೇನೆ. ಈ ತಂತಿಯ ಸುತ್ತ ಸಣ್ಣ ಗುಳ್ಳೆ ಏಳುತ್ತಿದೆ, ಕಾಣುತ್ತಾ? ಆ ತಂತಿಯ ಬುಡ ಹಸಿರಾಗುತ್ತಿದೆ. ತಂತಿಯಲ್ಲಿ ಓಡುವುದು ಎಲೆಕ್ಟ್ರಾನ್, ಜೆಲ್ಲಿಯಲ್ಲಿ ಓಡುವುದು ಉಪ್ಪಿನ ಅಯಾನು, ಅಂದರೆ ವಿದ್ಯುದಾವೇಶ ಹೊತ್ತ ಕಣ. ಎರಡೂ ಸೇರುವ ಜಾಗದಲ್ಲಿ ಈ ರಂಪ. ಅಲ್ಲೊಂದು ಜೀವಕೋಶ ಇದ್ದಿದ್ದರೆ ಸತ್ತೇ ಹೋಗುತ್ತಿತ್ತು. ನಮ್ಮ ಮೈ ಪೂರ್ತಿ ಅಯಾನುಗಳ ವ್ಯವಹಾರ. ಪೆಡಾಟ್‌ನಂಥ ಪಾಲಿಮರ್‌ನ ಹೆಚ್ಚುಗಾರಿಕೆ ಅದು ಅಯಾನನ್ನು ಒಳಗೆ ಬಿಟ್ಟುಕೊಂಡು, ಗಲಾಟೆ ಇಲ್ಲದೆ ಎಲೆಕ್ಟ್ರಾನ್ ಜೊತೆ ಮಾತಾಡಿಸುವುದರಲ್ಲಿದೆ. ಸೀಮೆನ್ಸ್ ಲೆಕ್ಕ ಆಮೇಲೆ.

ಪ್ರಿಂಟ್ ಮಾಡುವ ಕಷ್ಟ ಚಕ್ಕುಲಿ ಒತ್ತಿದವರಿಗೆ ಗೊತ್ತು. ಹಿಟ್ಟು ಗಟ್ಟಿಯಾದರೆ ಒರಳಿನಿಂದ ಇಳಿಯಲ್ಲ, ನೀರಾದರೆ ಸುರುಳಿ ನಿಲ್ಲಲ್ಲ. ಇಲ್ಲಿ ಹಿಟ್ಟಿನೊಳಗೆ ಜೀವ ಬೇರೆ ಇದೆ, ಜೋರಾಗಿ ಒತ್ತಿದರೆ ಕೋಶ ಒಡೆದುಹೋಗುತ್ತದೆ. ಕರೆಂಟ್ ಜಾಸ್ತಿ ಆಗಲೆಂದು ಕಾರ್ಬನ್ ನ್ಯಾನೋಟ್ಯೂಬ್ ಅನ್ನುವ ಕಪ್ಪು ಪುಡಿ ಸುರಿದರೆ ಅವು ಗಂಟು ಕಟ್ಟಿ ನಾಝಲ್ ಮುಚ್ಚಿಕೊಳ್ಳುತ್ತವೆ. ಇನ್ನೊಂದು ತಾಪತ್ರಯ: ಜೆಲ್‌ಮಾ (ಜೆಲಾಟಿನ್‌ನಿಂದ ಮಾಡಿದ್ದು) ತರಹದ ಜೆಲ್ ಗಟ್ಟಿಯಾಗುವುದು ಬೆಳಕು ಬಿಟ್ಟಾಗ. ಕಪ್ಪು ಪುಡಿ ಆ ಬೆಳಕನ್ನೇ ನುಂಗುತ್ತದೆ. ಮೇಲೆ ಗಟ್ಟಿ, ಒಳಗೆ ಗಂಜಿ.

ಇಷ್ಟೆಲ್ಲ ದಾಟಿ ಕೋಶಗಳು ಚೆನ್ನಾಗಿ ಬಡಿದವು ಅಂತಲೇ ಇಟ್ಟುಕೊಳ್ಳಿ. ಅದು ಕರೆಂಟಿನಿಂದಲೋ, ಪುಡಿ ಹಾಕಿದ್ದಕ್ಕೆ ಜೆಲ್ ಸ್ವಲ್ಪ ಬಿಗಿಯಾಯಿತಲ್ಲ, ಅದರಿಂದಲೋ? ಕೋಶಗಳಿಗೆ ಬಿಗಿಯೂ ಮುಖ್ಯ. ಹಾಗಾಗಿ ಪಕ್ಕದಲ್ಲಿ ಇನ್ನೊಂದು ಜೆಲ್ ಇಡಿ ಅಂತ ನಾನು ಕೇಳುವುದು. ಅಷ್ಟೇ ಮೆತ್ತಗೆ, ಅದೇ ಉಪ್ಪುನೀರಲ್ಲಿ ನೆನೆದದ್ದು, ಆದರೆ ಪುಡಿ ಇಲ್ಲದ್ದು. ಎರಡರಲ್ಲೂ ಕೋಶ ಬಿಟ್ಟು ಬಡಿತ ಎಣಿಸಿ. ಎಲ್‌ಇಡಿ ಫೋಟೋ ಬೇಡ.

ನಾನೂ ಪಕ್ಕದಲ್ಲಿ ಉಪ್ಪಿಲ್ಲದ ಬಟ್ಟಲು ಇಟ್ಟಿದ್ದೇನೆ. ತಂತಿ ಚುಚ್ಚುತ್ತೇನೆ, ನೋಡಿ. ಅಯ್ಯೋ, ಇಲ್ಲೂ ಮಂಕಾಗಿ ಮಿನುಗುತ್ತಿದೆ! ಕುದಿಸಿದ್ದು ಬೋರ್‌ವೆಲ್ ನೀರಲ್ಲಿ.