ಮರಳು, ಕಡತ, ಬಳಪ: ಬಳ್ಳಾರಿ ಸೀಮೆಯ ಹಳೆಯ ಹಳ್ಳಿ ಶಾಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ ಸರ್ಕಾರದ ಶಾಲೆ ಕಾಲಿಡುವುದಕ್ಕೆ ಬಹಳ ಮೊದಲೇ, ಊರವರು ತಾವೇ ನಡೆಸಿಕೊಂಡು ಬಂದ ಶಾಲೆಗಳಿದ್ದವು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಲೆಕ್ಕವನ್ನು ತರಿಸಲು ಹೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಬರಿಯ ಅಂಕಿಗಳನ್ನು ಕಳಿಸಿ ಸುಮ್ಮನಾಗದೆ, ಆ ಶಾಲೆಗಳ ಒಳಗೆ ಏನು ನಡೆಯುತ್ತಿತ್ತೆಂಬುದನ್ನೂ 1823ರ ಆಗಸ್ಟ್ 17ರ ವರದಿಯಲ್ಲಿ ವಿವರವಾಗಿ ಬರೆದರು.

ಮಗುವಿಗೆ ಐದು ವರ್ಷ ತುಂಬಿದಾಗ ಗುರುಗಳನ್ನೂ ಶಾಲೆಯ ಮಕ್ಕಳನ್ನೂ ಮನೆಗೆ ಕರೆಯುತ್ತಿದ್ದರು. ಗಣಪತಿಯ ಮುಂದೆ ಕೂರಿಸಿ, ಗುರುಗಳು ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ಹೆಸರನ್ನು ಬರೆಸುತ್ತಿದ್ದರು. ಮರುದಿನದಿಂದ ಬೆಳಗಿನ ಆರು ಗಂಟೆಗೆ ಶಾಲೆ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನ ಅಂಗೈಯಲ್ಲಿ ಸೊನ್ನೆ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏಟು ಏರುತ್ತಿತ್ತು.

ಅಕ್ಷರಾಭ್ಯಾಸ ಮರಳಿನ ಮೇಲೆ, ಬೆರಳಿನಿಂದ. ಕೈ ಕುದುರಿದ ಮೇಲೆ ಹಲಗೆ ಅಥವಾ ಕಡತ. ಬಟ್ಟೆಗೆ ಗಂಜಿ ಹಾಕಿ ಗಡುಸು ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟು ಬೆರೆಸಿ ಬಳಿದರೆ ಕಡತ ಸಿದ್ಧವಾಗುತ್ತಿತ್ತು. ಬಳಪದಿಂದ ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಬರೆಯಬಹುದಾಗಿತ್ತು. ಕಾಗದವಿಲ್ಲದ ಮನೆಯ ಮಗುವೂ ವರ್ಷಗಟ್ಟಲೆ ಬರೆಯಲು ಸಾಧ್ಯವಾದದ್ದು ಈ ಜಾಣ್ಮೆಯಿಂದ ಎಂದೇ ನಾನು ನಂಬುತ್ತೇನೆ. ಮುಂದುವರಿದ ಮಕ್ಕಳು ಚಿಕ್ಕವರಿಗೆ ಹೇಳಿಕೊಡುತ್ತಿದ್ದ ಪದ್ಧತಿಯನ್ನಂತೂ, ಇಂಗ್ಲೆಂಡಿನವರು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದು ಕ್ಯಾಂಬೆಲ್ ಮೆಚ್ಚಿಕೊಂಡಿದ್ದಾರೆ.

ಗುಣಿತಾಕ್ಷರ, ಒತ್ತಕ್ಷರ, ಊರುಗಳ ಹಾಗೂ ಮನುಷ್ಯರ ಹೆಸರು, ಮಗ್ಗಿ, ಲೆಕ್ಕ ಇವಿಷ್ಟೂ ಆದ ಮೇಲೆ ಬಗೆಬಗೆಯ ಕೈಬರಹದ ಹಳೆಯ ಕಾಗದಗಳನ್ನು ಕಲೆಹಾಕಿ ಓದಿಸುತ್ತಿದ್ದರು. ಕರಾರುಪತ್ರ ಬರೆಯುವುದನ್ನೂ ಕಲಿಸುತ್ತಿದ್ದರು. ಸಾಲದ ಪತ್ರದಲ್ಲಿ ಏನಿದೆಯೆಂದು ತಾನೇ ಓದಿ ತಿಳಿಯಬಲ್ಲ ರೈತನ ಮಗನಿಗೆ ಇದಕ್ಕಿಂತ ಉಪಯುಕ್ತವಾದ ಪಾಠ ಇನ್ನೊಂದಿರಲಾರದು.

ಅನಂತಪುರವೂ ಸೇರಿದ್ದ ಅಂದಿನ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಕಲಿಯುತ್ತಿದ್ದವರು 6,641 ಮಂದಿ. ಅವರಲ್ಲಿ ಬ್ರಾಹ್ಮಣ ಹುಡುಗರು 1,185, ಶೂದ್ರರೆಂದು ನಮೂದಿಸಿದ ಹುಡುಗರು 2,998. ಹಳೆಯ ಶಾಲೆಯೆಂದರೆ ಒಂದೇ ಜಾತಿಯ ಸೊತ್ತಾಗಿತ್ತೆಂಬ ಮಾತಿಗೆ ಈ ಅಂಕಿ ಉತ್ತರ ಕೊಡುತ್ತದೆ. ಆದರೆ ಹೆಣ್ಣುಮಕ್ಕಳು ಇಡೀ ಜಿಲ್ಲೆಗೆ ಅರುವತ್ತೇ ಮಂದಿ. ಆ ಸಂಖ್ಯೆಯನ್ನು ಓದುವಾಗಲೆಲ್ಲ ಮನಸ್ಸು ನೋಯುತ್ತದೆ.

ಜಿಲ್ಲೆಯ ಜನಸಂಖ್ಯೆ ಆಗ 9,27,857. ಹತ್ತಿರ ಹತ್ತಿರ ಹತ್ತು ಲಕ್ಷ ಜನರಲ್ಲಿ ಏಳು ಸಾವಿರ ಮಕ್ಕಳೂ ಓದುತ್ತಿಲ್ಲವೆಂದು ಕ್ಯಾಂಬೆಲ್ ಮರುಗಿದರು. ಹಿಂದೆ ಶಾಲೆಯಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಯೇ ಇಲ್ಲವೆಂದೂ ಬರೆದರು. ಕಾರಣವನ್ನು ಅವರು ಮುಚ್ಚಿಡಲಿಲ್ಲ. ನಾಡು ಬಡವಾಗಿದೆ, ಯೂರೋಪಿನ ಬಟ್ಟೆ ಬಂದು ಇಲ್ಲಿನ ನೇಕಾರಿಕೆ ಕುಗ್ಗಿದೆ, ಸಾಧಾರಣ ಕುಟುಂಬಗಳಿಗೆ ಮಕ್ಕಳ ಓದಿನ ಖರ್ಚು ಭರಿಸಲಾಗುತ್ತಿಲ್ಲ. ಎಳೆಯ ಕೈಕಾಲುಗಳು ಒಂದಿಷ್ಟು ದುಡಿಮೆಗೆ ಆದವೆನ್ನುವಷ್ಟರಲ್ಲಿ ತಂದೆತಾಯಂದಿರಿಗೆ ಆ ಮಕ್ಕಳ ನೆರವು ಬೇಕಾಗುತ್ತಿದೆ ಎಂದು, ಕಂಪನಿಯ ಅಧಿಕಾರಿಯಾಗಿದ್ದುಕೊಂಡೇ ಅವರು ತಮ್ಮ ಮೇಲಿನವರಿಗೆ ತಿಳಿಸಿದರು.